ಮರುದಿನ ಬೆಳಿಗ್ಗೆ ಕಾಲನ್ನು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಪಾದ, ಹಿಮ್ಮಡಿ, ಹರಡಿನ ಆಪರೇಷನ್ ಆದಮೇಲಿನ ನೋವಿನ ಪ್ರಶ್ನೆಗಳೇ ಹೆಚ್ಚು. ಅದರಲ್ಲೂ ಕೊಪ್ಪಳ ಜಿಲ್ಲೆಯವು ಬಹಳ. ಗಂಗಾವತಿಯ ಅಕ್ಕಿ ಗಿರಣಿಗಳು, ಕುಷ್ಟಗಿಯ ಮೇಲೆ ಹಾಯುವ ಹೆದ್ದಾರಿ, ಯಲಬುರ್ಗಾ ಕಡೆಯ ಎರೆ ಹೊಲ, ಮನೆಮನೆಗೂ ಹೊಕ್ಕಿರುವ ಸಕ್ಕರೆ ಕಾಯಿಲೆ: ಪಾದಕ್ಕೆ ಪೆಟ್ಟು ಬೀಳಲು ಇಲ್ಲಿ ಕಾರಣಗಳಿಗೆ ಕೊರತೆಯಿಲ್ಲ. ಆಪರೇಷನ್ ಮಾಡಿದವರು ಚೀಟಿಯಲ್ಲಿ ಮೊದಲು ‘ಭಾರ ಹಾಕಬೇಡಿ’ ಎಂದು ಬರೆಯುತ್ತಾರೆ, ಆಮೇಲೆ ‘ನಡೆಯಿರಿ’ ಎಂದು ಬರೆಯುತ್ತಾರೆ. ನಡುವಿನ ತಿಂಗಳುಗಳನ್ನು ಕಳೆಯುವುದು ಹೇಗೆಂದು ಹೇಳುವಷ್ಟು ಪುರುಸೊತ್ತು ಒ.ಪಿ.ಡಿ.ಯಲ್ಲಿ ಇರುವುದಿಲ್ಲ. ಪತ್ರಗಳೆಲ್ಲ ಆ ನಡುವಿನ ತಿಂಗಳುಗಳಿಂದಲೇ ಬಂದಿವೆ.

ಕಾಲು ಯಾವಾಗ ಊರಬೇಕು, ಎಷ್ಟು ಊರಬೇಕು ಎಂಬುದನ್ನು ನಿಮ್ಮ ಎಕ್ಸ್‌ರೇ ನೋಡಿದ ವೈದ್ಯರೇ ಹೇಳಬೇಕು. ಅವರು ‘ಊರು’ ಎಂದ ಮೇಲಿನ ಮಾತು ಇಲ್ಲಿದೆ.

ಗಂಗಾವತ್ಯಾಗ ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತೀನ್ರಿ, ವಯಸ್ಸು 34. ಒಟ್ಟಿದ ಚೀಲದ ಮ್ಯಾಲಿಂದ ಬಿದ್ದು ಎಡಗಾಲ ಹಿಮ್ಮಡದ ಎಲುಬು ಮುರೀತು. ಪ್ಲೇಟು, ಸ್ಕ್ರೂ ಹಾಕ್ಯಾರ. ಹತ್ತು ವಾರ ಕಾಲು ಊರಬ್ಯಾಡ ಅಂದಿದ್ರು. ಈಗ ಎಲುಬು ಕೂಡೇತಿ, ಸ್ವಲ್ಪ ಸ್ವಲ್ಪ ಭಾರ ಹಾಕು ಅಂತಾರ. ಊರಿದ್ರ ಜೀವ ಹೋದಂಗ ಆಗತೈತಿ. ನಮ್ಮ ಓಣ್ಯಾಗ ಒಬ್ರ ಹಂತ್ಯಾಕ ಸೂಜಿ ಮಾಡಿಸ್ಕೊಂಡ್ರ ಎರಡು ದಿನ ಆರಾಮ ಇರತೈತಿ, ಆಮ್ಯಾಲ ಮತ್ತ ಮೊದಲಿನಂಗ. ಹಿಂಗ ಸೂಜಿ ಮಾಡಿಸ್ಕೊಂತ ನಡೆದ್ರ ಲಗೂನ ಕೆಲಸಕ್ಕ ಹೋಗಬಹುದೇನ್ರಿ?

ಮೊದಲು ಆ ನೋವು ಎಲ್ಲಿಂದ ಬರುತ್ತಿದೆ ನೋಡೋಣ. ಹತ್ತು ವಾರ ನಿಮ್ಮ ಎಡಗಾಲು ನೆಲ ಮುಟ್ಟಿಲ್ಲ. ಅಷ್ಟರಲ್ಲಿ ಮೀನಖಂಡ ಸೊರಗಿದೆ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿದಿದೆ, ಅಂಗಾಲಿನ ಚರ್ಮ ಎಳೆಯದಾಗಿದೆ, ಭಾರ ಹೊರದ ಎಲುಬು ತನ್ನ ಗಟ್ಟಿತನವನ್ನು ಒಂದಿಷ್ಟು ಕಳೆದುಕೊಂಡಿದೆ. ಇವೆಲ್ಲ ಒಟ್ಟಿಗೇ ಕೂಗಿಕೊಳ್ಳುತ್ತಿವೆ. ಹಾಗಾಗಿ ಮೊದಲ ದಿನಗಳಲ್ಲಿ ನೋವಾದ ಮಾತ್ರಕ್ಕೆ ಎಲುಬು ಮತ್ತೆ ಮುರಿಯಿತು ಎಂದು ಹೆದರಬೇಡಿ.

ಆದರೆ ಎಲ್ಲ ನೋವೂ ಒಂದೇ ಅಲ್ಲ. ಕಾಲು ಕೆಳಗೆ ಬಿಟ್ಟ ಕೂಡಲೇ ಧಿಂ ಧಿಂ ಎಂದು ಬಡಿದುಕೊಳ್ಳುವುದು ರಕ್ತ ಇಳಿದು ಬರುವ ನೋವು. ಕೆಲವು ನಿಮಿಷದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಕಾಲು ಎತ್ತಿ ದಿಂಬಿನ ಮೇಲಿಡಿ. ಅಂಗಾಲು ಪೂರ್ತಿ ಎಳೆದಂತೆ, ಜಜ್ಜಿದಂತೆ ಆಗುವುದು ಕಲಿಕೆಯ ನೋವು. ಅದು ಇದ್ದೇ ಇರುತ್ತದೆ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತೆ ಚುಚ್ಚುವ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಾತ್ರ ತಡಮಾಡದೆ ಆಪರೇಷನ್ ಮಾಡಿದವರಿಗೆ ತೋರಿಸಿ. ಸ್ಕ್ರೂ ಒತ್ತುತ್ತಿರಬಹುದು, ಎಲುಬು ಪೂರ್ತಿ ಕೂಡಿರದೆ ಇರಬಹುದು.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದನ್ನು ರೂಢಿ ಮಾಡಿಕೊಳ್ಳಿ. ನಡೆಯುವಾಗ ನಾಲ್ಕರವರೆಗೆ ಏರಿದರೆ ಅಡ್ಡಿಯಿಲ್ಲ. ಮುಖ್ಯವಾದದ್ದು ಮರುದಿನ ಬೆಳಿಗ್ಗೆ. ಹಾಸಿಗೆಯಿಂದ ಎದ್ದಾಗ ನೋವು ನಿನ್ನೆಯ ಬೆಳಿಗ್ಗೆಯಷ್ಟೇ ಇದ್ದರೆ ನೀವು ನಡೆದದ್ದು ಸರಿಯಾಗಿದೆ, ಇವತ್ತು ಅದಕ್ಕಿಂತ ಸ್ವಲ್ಪ ಹೆಚ್ಚು ನಡೆಯಬಹುದು. ನಿನ್ನೆಗಿಂತ ಹೆಚ್ಚಿದ್ದರೆ ನಡಿಗೆಯನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನಾಲ್ಕು ದಿನ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸ್ವಲ್ಪ ಭಾರ ಎಂದರೆ ಎಷ್ಟು? ಇದನ್ನು ಅಂದಾಜಿಗೆ ಬಿಡಬೇಡಿ. ನಿಂತು ತೂಕ ನೋಡುವ ಸಣ್ಣ ಯಂತ್ರವೊಂದನ್ನು ಯಾರಿಂದಲಾದರೂ ಎರವಲು ತನ್ನಿ. ಗೋಡೆ ಅಥವಾ ವಾಕರ್ ಹಿಡಿದು ಎಡಗಾಲನ್ನು ಯಂತ್ರದ ಮೇಲಿಡಿ, ಬಲಗಾಲ ಕೆಳಗೆ ಅಷ್ಟೇ ಎತ್ತರದ ಹಲಗೆ ಇರಲಿ. ನಿಮ್ಮ ತೂಕ 60 ಕೆ.ಜಿ. ಇದ್ದು ಕಾಲುಭಾಗ ಭಾರ ಹಾಕಲು ಹೇಳಿದ್ದರೆ ಮುಳ್ಳು 15ಕ್ಕೆ ಬರುವಷ್ಟು ಒತ್ತಿ, ಹಾಗೆಯೇ ಹತ್ತು ಎಣಿಸಿ, ಬಿಡಿ. ದಿನಕ್ಕೆ ಹಲವು ಸಲ ಹೀಗೆ ಮಾಡಿದರೆ 15 ಕೆ.ಜಿ. ಎಂದರೆ ಎಷ್ಟು ಎಂಬುದು ಕಾಲಿಗೇ ಗೊತ್ತಾಗುತ್ತದೆ. ಎಷ್ಟೆಷ್ಟಕ್ಕೆ ಯಾವಾಗ ಏರಿಸಬೇಕೆಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ತೂಕ ಹಿಡಿಯುವ ಜನಕ್ಕೆ ಇದನ್ನು ನಾನು ಹೆಚ್ಚು ವಿವರಿಸಬೇಕಿಲ್ಲ.

ಇನ್ನು ಸೂಜಿ. ಅದರಲ್ಲಿ ಏನಿತ್ತು ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸಾಮಾನ್ಯವಾಗಿ ಡೈಕ್ಲೋಫೆನಾಕ್ ಇರುತ್ತದೆ, ಎಷ್ಟೋ ಕಡೆ ಅದರ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಸೇರಿಸುತ್ತಾರೆ. ಮೊದಲನೆಯದು ಪದೇಪದೇ ಆದರೆ ಹೊಟ್ಟೆಗೆ, ಕಿಡ್ನಿಗೆ ಪೆಟ್ಟು. ಎರಡನೆಯದು ಸಕ್ಕರೆ ಏರಿಸುತ್ತದೆ, ಪ್ಲೇಟು ಇರುವ ಕಾಲಿನಲ್ಲಿ ಸೋಂಕು ಬಂದರೂ ಗೊತ್ತಾಗದಂತೆ ಮುಚ್ಚಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮರುದಿನ ಬೆಳಿಗ್ಗೆ ಕಾಲು ಹೇಳಬೇಕಾದದ್ದನ್ನು ಅದು ಹೇಳಗೊಡುವುದಿಲ್ಲ. ಎರಡು ದಿನ ಮಿತಿ ಮೀರಿ ನಡೆಯುತ್ತೀರಿ, ಮೂರನೆಯ ದಿನ ಬಾವು ಬಂದು ಮಲಗುತ್ತೀರಿ, ಮತ್ತೆ ಸೂಜಿಗೆ ಹೋಗುತ್ತೀರಿ. ಬದಲಿಗೆ ಲಿವರ್ ತೊಂದರೆ, ಕುಡಿತ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 650ರ ಒಂದು ಮಾತ್ರೆಯನ್ನು ನಡೆಯುವ ಅಭ್ಯಾಸಕ್ಕೆ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಿ. ನಡೆದು ನೋವಾದ ಮೇಲೆ ನುಂಗುವುದಕ್ಕಿಂತ ನಡೆಯುವುದಕ್ಕಾಗಿ ನುಂಗುವುದು ಮೇಲು. ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಕಾಲು ಎದೆಗಿಂತ ಎತ್ತರದಲ್ಲಿರಲಿ.

ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಹಿಮ್ಮಡಿಯ ಎಲುಬು ಮುರಿದಾಗ ಅದರ ಮೇಲಿನ ಕೀಲು ಹೆಚ್ಚುಕಡಿಮೆ ಗಡುಸಾಗಿಯೇ ಉಳಿಯುತ್ತದೆ. ಪಾದವನ್ನು ಅತ್ತಿತ್ತ ವಾಲಿಸುವ ಕೀಲು ಅದು. ಸಪಾಟು ನೆಲದಲ್ಲಿ ಚೆನ್ನಾಗಿ ನಡೆಯುವವರು ಗದ್ದೆಯ ಬದುವಿನ ಮೇಲೆ, ಕಲ್ಲು ದಾರಿಯಲ್ಲಿ ಕಷ್ಟಪಡುತ್ತಾರೆ. ಸುಧಾರಣೆ ಒಂದು ವರ್ಷ, ಕೆಲವರಲ್ಲಿ ಎರಡು ವರ್ಷದವರೆಗೂ ಆಗುತ್ತಾ ಇರುತ್ತದೆ ಎಂಬುದು ಸಮಾಧಾನ. ಆದರೆ 75 ಕೆ.ಜಿ.ಯ ಭತ್ತದ ಚೀಲ ಹೊತ್ತು ಹೆಜ್ಜೆ ಎತ್ತಿಟ್ಟಾಗ ನಿಮ್ಮ ತೂಕವೂ ಸೇರಿ 135 ಕೆ.ಜಿ. ಒಂದೇ ಹಿಮ್ಮಡಿಯ ಮೇಲೆ ಬೀಳುತ್ತದೆ. ಆರು ತಿಂಗಳೊಳಗೆ ಅದರ ಯೋಚನೆ ಬೇಡ. ಆಮೇಲೂ ಎಷ್ಟೋ ಜನಕ್ಕೆ ಹೊರುವ ಕೆಲಸ ಆಗುವುದಿಲ್ಲ. ಚೀಲ ಹೊಲಿಯುವುದು, ತೂಕ ಹಿಡಿಯುವುದು, ಲೆಕ್ಕ ಬರೆಯುವುದು ಇಂಥದ್ದು ಸಿಗುತ್ತದೆಯೇ ಎಂದು ಮೇಸ್ತ್ರಿಯ ಹತ್ತಿರ ಈಗಲೇ ಮಾತಾಡಿ. ಹಮಾಲರಿಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಇದೆ. ನಿಮ್ಮದು ಆಗಿದೆಯೇ, ಅಪಘಾತಕ್ಕೆ ಏನು ಸಿಗುತ್ತದೆ ಎಂದು ಗಂಗಾವತಿಯಲ್ಲೇ ವಿಚಾರಿಸಿ.

ಎರಡು ಮಾತು ಉಳಿದವು. ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದವರಲ್ಲಿ ಸೊಂಟದ ಮಣಿಯೂ ಬಿರುಕು ಬಿಟ್ಟಿರುವುದುಂಟು. ಬೆನ್ನು ನೋವಿದ್ದರೆ ಅದರ ಎಕ್ಸ್‌ರೇ ಆಗಿದೆಯೇ ನೋಡಿಕೊಳ್ಳಿ. ಬೀಡಿ ಅಥವಾ ಗುಟ್ಕಾ ಇದ್ದರೆ ಎಲುಬು ಗಟ್ಟಿಯಾಗುವವರೆಗಾದರೂ ಬಿಡಿ. ಗುಟ್ಕಾದಲ್ಲಿ ಹೊಗೆ ಇಲ್ಲ ಎಂಬ ವಾದ ಬೇಡ, ಎಲುಬು ಕೂಡುವುದನ್ನು ತಡೆಯುವ ನಿಕೋಟಿನ್ ಎರಡರಲ್ಲೂ ಇದೆ.

ಪಾದದ ಆಪರೇಷನ್ ಆಗಿ ಎರಡು ವಾರ. ಬಿ.ಪಿ. ಮಾತ್ರೆ ನಡೆದಿದೆ. ಡೋಲೋ ಜೊತೆಗೆ ಮೆಡಿಕಲ್ ಶಾಪಿನವರು ಕೊಟ್ಟ ಇನ್ನೊಂದು ನೋವಿನ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ನೋವಿನ ಗುಳಿಗೆ ತಿಂದರೆ ಎಲುಬು ಕೂಡುವುದಿಲ್ಲ ಎಂದು ನಮ್ಮ ಮಾವ ಹೇಳುತ್ತಾರೆ. ಹೌದೇ? – ಗೃಹಿಣಿ, ಕೊಪ್ಪಳ

ಆ ‘ಇನ್ನೊಂದು ಗುಳಿಗೆ’ಯ ಪಟ್ಟಿಯ ಹಿಂಬದಿ ಓದಿ. ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಎಂದು ಎರಡು ಹೆಸರು ಇದ್ದರೆ ನೀವು ಪ್ಯಾರಾಸಿಟಮಾಲನ್ನು ಎರಡು ಕಡೆಯಿಂದ ತಿನ್ನುತ್ತಿದ್ದೀರಿ, ಏಕೆಂದರೆ ಡೋಲೋ ಎಂದರೂ ಅದೇ. ದಿನಕ್ಕೆ ಒಟ್ಟು 4 ಗ್ರಾಂ ದಾಟಿದರೆ ಲಿವರ್‌ಗೆ ಅಪಾಯ. ತೂಕ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ, ಕುಡಿಯುವವರಿಗೆ ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸುತ್ತೇವೆ. 650ರ ಮಾತ್ರೆ ಆರು ಗಂಟೆಗೊಂದರಂತೆ ನಾಲ್ಕು ತಿಂದರೆ 2.6 ಗ್ರಾಂ ಆಯಿತು, ಅಷ್ಟು ಸಾಕು.

ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಬಿ.ಪಿ. ಏರಿಸುತ್ತವೆ. ಕೆಲವು ಬಿ.ಪಿ. ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೆ ಹೊರೆಯಾಗುತ್ತವೆ. ನಿಮ್ಮ ವೈದ್ಯರೇ ಬರೆದುಕೊಟ್ಟಿರದಿದ್ದರೆ ಇವತ್ತೇ ನಿಲ್ಲಿಸಿ ಅವರನ್ನು ಕೇಳಿ.

ನಿಮ್ಮ ಮಾವನವರ ಮಾತು ಪೂರ್ತಿ ಗಾಳಿ ಮಾತಲ್ಲ. ಈ ಜಾತಿಯ ಮಾತ್ರೆಗಳನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ಎಲುಬು ಕೂಡುವುದು ನಿಧಾನವಾಗಬಹುದೇ ಎಂಬ ಚರ್ಚೆ ವೈದ್ಯರಲ್ಲೂ ಇದೆ. ನಾಲ್ಕಾರು ದಿನ ತಿಂದದ್ದಕ್ಕೆ ಹೆದರಬೇಕಿಲ್ಲ. ಪ್ಯಾರಾಸಿಟಮಾಲ್ ಮೇಲೆ ಆ ಆಪಾದನೆ ಇಲ್ಲ. ನೋವು ತಡೆದುಕೊಂಡು ಮಂಚ ಹಿಡಿದು ಕೂಡುವುದರಿಂದ ಆಗುವ ಹಾನಿ ಇದಕ್ಕಿಂತ ದೊಡ್ಡದು ಎಂದು ಮಾವನವರಿಗೆ ಹೇಳಿ. ಆಪರೇಷನ್ ಆದ ಮೊದಲ ವಾರಗಳಲ್ಲಿ ನೋವು ತಲೆಗೇರುವವರೆಗೆ ಕಾಯದೆ ಗಡಿಯಾರ ನೋಡಿ ಮಾತ್ರೆ ತೆಗೆದುಕೊಂಡರೆ ಒಟ್ಟು ಮಾತ್ರೆ ಕಡಿಮೆಯೇ ಬೇಕಾಗುತ್ತದೆ.

ಟ್ರಮಡಾಲ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟೇ ದಿನ. ಮಲಬದ್ಧತೆ, ತಲೆಸುತ್ತು ಎರಡೂ ಬರುತ್ತವೆ, ವಾಕರ್ ಹಿಡಿದವರಿಗೆ ತಲೆಸುತ್ತು ಒಳ್ಳೆಯದಲ್ಲ. 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯಡಿ ಬಂದಿದೆ. ಪಕ್ಕದ ಮನೆಯವರ ಪಟ್ಟಿಯಿಂದ ಎರವಲು ತರುವ ಮಾತ್ರೆ ಅದಲ್ಲ.

ನಾನು ಶಿಕ್ಷಕಿ, ವಯಸ್ಸು 41, ಊರು ಕುಷ್ಟಗಿ ತಾಲ್ಲೂಕು. ಬೈಕ್ ಅಪಘಾತದಲ್ಲಿ ಬಲಗಾಲ ಹರಡು ಮುರಿದು ಆಪರೇಷನ್ ಆಗಿ ನಾಲ್ಕು ತಿಂಗಳು. ಎಕ್ಸ್‌ರೇ ಚೆನ್ನಾಗಿದೆ ಎನ್ನುತ್ತಾರೆ. ಆದರೆ ಫ್ಯಾನಿನ ಗಾಳಿ ತಾಗಿದರೂ, ಸೀರೆಯ ನೆರಿಗೆ ತಾಗಿದರೂ ಪಾದ ಉರಿಯುತ್ತದೆ. ಒಮ್ಮೆ ಕೆಂಪಗೆ ಬಿಸಿಯಾಗುತ್ತದೆ, ಒಮ್ಮೆ ನೀಲಿಗಟ್ಟಿ ತಣ್ಣಗಾಗುತ್ತದೆ, ಆ ಪಾದ ಮಾತ್ರ ಬೆವರುತ್ತದೆ. ಕೆಲಸಕ್ಕೆ ಹೋಗಲು ಮನಸ್ಸಿಲ್ಲದೆ ಸೋಗು ಹಾಕುತ್ತಾಳೆ ಎಂದು ಮನೆಯಲ್ಲಿ ಅನ್ನುತ್ತಾರೆ. ನನಗೇ ಈಗ ಅನುಮಾನ ಬರತೊಡಗಿದೆ.

ಅನುಮಾನ ಬೇಡ. ಮನಸ್ಸಿನಿಂದ ಒಂದು ಪಾದವನ್ನು ಮಾತ್ರ ಬೆವರಿಸಲು ಯಾರಿಗೂ ಆಗುವುದಿಲ್ಲ. ನೀವು ಬರೆದದ್ದೆಲ್ಲ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಎಂಬ ತೊಂದರೆಯ ಲಕ್ಷಣಗಳು. ಸಿ.ಆರ್.ಪಿ.ಎಸ್. ಎನ್ನುತ್ತಾರೆ. 1861ರಿಂದ 65ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರು ಗಾಯ ಮಾಯ್ದ ಮೇಲೂ ಕೈಕಾಲು ಸುಡುತ್ತಿದೆ ಎಂದು ನರಳುವುದನ್ನು ಸೈಲಸ್ ವೀರ್ ಮಿಚೆಲ್ ಎಂಬ ವೈದ್ಯ ವಿವರವಾಗಿ ಬರೆದಿಟ್ಟ. ಆ ಸೈನಿಕರಲ್ಲಿ ಗಾಳಿ ಸೋಕಿದರೆ ಸಾಕು ಕಿರುಚುವವರಿದ್ದರು. ಪೆಟ್ಟು ಗುಣವಾಗಿದ್ದರೂ ನರಗಳು ಮತ್ತು ಮಿದುಳು ಇನ್ನೂ ಅಪಾಯ ಇದೆ ಎಂದೇ ನಡೆದುಕೊಳ್ಳುತ್ತವೆ. ಆ ಭಾಗದ ರಕ್ತನಾಳ, ಬೆವರು ಎಲ್ಲವೂ ಅದಕ್ಕೆ ತಕ್ಕಂತೆ ಹದ ತಪ್ಪುತ್ತವೆ.

ಹಾಗೆಂದು ನಾನು ಕೂತಲ್ಲಿಂದಲೇ ಅದೇ ಎಂದು ಖಚಿತ ಮಾಡಲಾರೆ. ಒಳಗೆ ಸೋಂಕು, ಸಡಿಲಾದ ಸ್ಕ್ರೂ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವು ಇಲ್ಲವೆಂದು ಮೊದಲು ಪರೀಕ್ಷೆ ಮಾಡಿಸಿ. ಮೂಳೆ ವೈದ್ಯರಿಗೆ ಸಿ.ಆರ್.ಪಿ.ಎಸ್. ಇರಬಹುದೇ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗದವರು ಇಂಥ ನೋವಿಗೆ ಚಿಕಿತ್ಸೆ ಕೊಡುವುದುಂಟು. ನಿಮಗೆ ಕೊಪ್ಪಳ ಹತ್ತಿರ. ಬಳ್ಳಾರಿ, ಹುಬ್ಬಳ್ಳಿಗೂ ಬಸ್ಸಿದೆ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ತರಹದ ಮಾತ್ರೆಗಳು ಇಲ್ಲಿ ಡೋಲೋಗಿಂತ ಹೆಚ್ಚು ಕೆಲಸ ಮಾಡುತ್ತವೆ, ಆದರೆ ಅವನ್ನು ಬರೆದುಕೊಟ್ಟವರೇ ಏರಿಸಬೇಕು, ಇಳಿಸಬೇಕು. ಆರಂಭದಲ್ಲೇ ಹಿಡಿದರೆ ಫಲ ಹೆಚ್ಚು. ಹಾಗಾಗಿ ದಸರಾ ರಜೆಗೆ ಹೋಗೋಣ ಎಂದು ಮುಂದೂಡಬೇಡಿ.

ಮನೆಯಲ್ಲಿ ಮಾಡಬೇಕಾದದ್ದೇ ಮುಖ್ಯ ಚಿಕಿತ್ಸೆ. ಪಾದಕ್ಕೆ ಸ್ಪರ್ಶವನ್ನು ಮತ್ತೆ ಪರಿಚಯ ಮಾಡಿಸಬೇಕು. ಉರಿಯುವ ಜಾಗದಿಂದ ಶುರು ಮಾಡಬೇಡಿ. ಮೊಣಕಾಲ ಕೆಳಗೆ, ಮುಟ್ಟಿದರೆ ಏನೂ ಆಗದ ಕಡೆಯಿಂದ ಹತ್ತಿಯ ಉಂಡೆ ಸವರುತ್ತಾ ಉರಿಯ ಅಂಚಿನವರೆಗೆ ಬನ್ನಿ, ಅಂಚು ದಾಟಿ ಒಂದು ಬೆರಳಗಲ ಹೋಗಿ, ಹಿಂದೆ ಬನ್ನಿ. ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಸವರುವಾಗ ಕಣ್ಣಿಟ್ಟು ನೋಡಿ, ‘ಇದು ಬರೀ ಹತ್ತಿ’ ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಹತ್ತಿ ಸಲೀಸಾದ ಮೇಲೆ ರೇಷ್ಮೆ ಬಟ್ಟೆ, ಆಮೇಲೆ ಹಳೆ ಪಂಚೆ, ಆಮೇಲೆ ಒರಟು ಟವೆಲ್. ಕೆಲವು ವಾರ ಕಳೆದ ಮೇಲೆ ಅಗಲವಾದ ಪಾತ್ರೆಯಲ್ಲಿ ಅಕ್ಕಿ ಹಾಕಿ ಪಾದ ಅದರೊಳಗೆ ಆಡಿಸಿ, ಮುಂದೆ ಜೋಳ, ಕಡಲೆ. ಉರಿ ಸ್ವಲ್ಪ ಏರುತ್ತದೆ, ಏರಲಿ. ಇಲ್ಲೂ ಮರುದಿನ ಬೆಳಿಗ್ಗೆಯ ಲೆಕ್ಕವೇ.

ಇನ್ನೊಂದು ಉಪಾಯ ವಿಚಿತ್ರವೆನಿಸಬಹುದು. ಕಾಲು ಚಾಚಿ ಕೂತು ಎರಡು ಕಾಲುಗಳ ನಡುವೆ ಉದ್ದನೆಯ ಕನ್ನಡಿ ನಿಲ್ಲಿಸಿ. ಕನ್ನಡಿಯ ಮುಖ ಒಳ್ಳೆಯ ಕಾಲಿನ ಕಡೆ, ನೋವಿನ ಕಾಲು ಅದರ ಹಿಂದೆ. ಕನ್ನಡಿ ನೋಡುತ್ತಾ ಒಳ್ಳೆಯ ಪಾದವನ್ನು ನಿಧಾನ ಮೇಲೆ ಕೆಳಗೆ ಆಡಿಸಿ. ನೋವಿನ ಪಾದವೇ ಹಗುರವಾಗಿ ಆಡುತ್ತಿರುವಂತೆ ಕಾಣುತ್ತದೆ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಅವರು ಕೈ ಕಳೆದುಕೊಂಡವರ ‘ಇಲ್ಲದ ಕೈಯ ನೋವಿ’ಗೆ ಈ ಕನ್ನಡಿಯನ್ನು ಬಳಸಿದರು. ಈಗ ನಿಮ್ಮಂಥವರಿಗೂ ಬಳಸುತ್ತಾರೆ. ಖರ್ಚಿಲ್ಲ, ಕೆಡುಕಿಲ್ಲ.

ಮಾಡಬಾರದ್ದು: ಐಸ್ ಇಡುವುದು, ಬಿಗಿಯಾಗಿ ಬಟ್ಟೆ ಸುತ್ತುವುದು, ನೋವಾಗುತ್ತದೆಂದು ಪಾದವನ್ನು ಪೂರ್ತಿ ಎತ್ತಿಟ್ಟುಕೊಂಡು ಕೂಡುವುದು. ಈ ತೊಂದರೆಯಲ್ಲಿ ವಿಶ್ರಾಂತಿಯಿಂದ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಶಾಲೆಗೆ ಬೇಗ ಹೋಗಲು ಸಾಧ್ಯವಾದರೆ ಹೋಗಿ, ಕುರ್ಚಿಯಲ್ಲಿ ಕೂತು ಪಾಠ ಮಾಡಿ, ಪ್ರತಿ ಪೀರಿಯಡ್ಡಿನಲ್ಲೂ ಹಲಗೆಯವರೆಗೆ ಎರಡು ಸಲ ನಡೆಯಿರಿ. ಗುಣವಾಗಲು ತಿಂಗಳುಗಳು ಬೇಕು. ಹೆಚ್ಚಿನವರು ಮೊದಲ ವರ್ಷದಲ್ಲೇ ಸಾಕಷ್ಟು ಸುಧಾರಿಸುತ್ತಾರೆ. ಈ ಪುಟವನ್ನು ಮನೆಯವರಿಗೆ ಓದಲು ಕೊಡಿ. ಸೋಗು ಎಂದವರೇ ದಿನಕ್ಕೊಮ್ಮೆ ಹತ್ತಿ ಹಿಡಿದು ಸವರಲಿ.

ಕಂಕುಳಲ್ಲಿ ಊರುಗೋಲು ಇಟ್ಟು ನಡೆಯುತ್ತಿದ್ದೇನೆ. ಒಂದು ವಾರದಿಂದ ಬಲಗೈ ಜುಮ್ಮೆನ್ನುತ್ತದೆ, ಮಣಿಕಟ್ಟು ಎತ್ತಲು ಬಲವಿಲ್ಲ. ಪಾದದ ಆಪರೇಷನ್‌ಗೂ ಕೈಗೂ ಏನು ಸಂಬಂಧ? – ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಸಂಬಂಧ ಊರುಗೋಲಿನದು. ಕಂಕುಳ ಮೇಲೆ ಜೋತುಬಿದ್ದು ನಡೆಯುತ್ತಿದ್ದೀರಿ, ಅಲ್ಲಿ ಹಾಯುವ ನರ ಒತ್ತಿಹೋಗಿದೆ. ಇವತ್ತೇ ವೈದ್ಯರಿಗೆ ಕೈ ತೋರಿಸಿ. ಸಾಮಾನ್ಯವಾಗಿ ಗುಣವಾಗುತ್ತದೆ, ಆದರೆ ಒತ್ತಡ ನಿಲ್ಲಬೇಕು. ಊರುಗೋಲಿನ ತಲೆ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ಮೊಣಕೈ ಚೂರು ಮಡಚಿರಬೇಕು. ಭಾರ ಅಂಗೈ ಮೇಲೆ. ಅಂಗಡಿಯವರು ಕೊಟ್ಟ ಎತ್ತರದಲ್ಲೇ ಬಳಸುವವರೇ ಹೆಚ್ಚು. ಕೆಳಗಿನ ತೂತುಗಳು ಇರುವುದೇ ಎತ್ತರ ಹೊಂದಿಸಲು.

ನಮ್ಮ ಊರು ಯಲಬುರ್ಗಾ ತಾಲೂಕಿನಾಗ ಐತ್ರಿ. ನಮ್ಮ ಅಪ್ಪಾರಿಗೆ 63. ಸಕ್ರಿ ಕಾಯಿಲೆ ಹದಿನೈದು ವರ್ಷದಿಂದ ಐತಿ. ಬಲಗಾಲ ಎರಡು ಬಟ್ಟು ತಗದಾರ. ಗಾಯ ಮಾಯ್ದು ಒಂದು ತಿಂಗಳಾತು. ನೋವು ಒಟ್ಟ ಇಲ್ಲ ಅಂತಾರ, ಬರಿಗಾಲಲೆ ಹೊಲಕ್ಕ ಹೊಂಟು ಬಿಡತಾರ. ಎರಿ ಮಣ್ಣಾಗ ಚಪ್ಪಲಿ ಹತ್ತಿಕೊಂತಾವ ಅಂತಾರ. ನೋವ ಇಲ್ಲಂದ್ರ ನಡೆದ್ರ ಏನೂ ಆಗೂದಿಲ್ಲಲ್ರಿ?

ಈ ಸಲದ ಪತ್ರಗಳಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದು. ಮೇಲಿನವರು ನೋವಿಗೆ ಅಂಜುತ್ತಿದ್ದಾರೆ, ನಿಮ್ಮ ಅಪ್ಪನವರಿಗೆ ಅಂಜಲು ನೋವೇ ಇಲ್ಲ. ಹದಿನೈದು ವರ್ಷದ ಸಕ್ಕರೆ ಪಾದದ ನರಗಳನ್ನು ಮಂಕು ಮಾಡಿದೆ. ಇತರರಿಗೆ ಹೇಳಿದ ಬೆಳಿಗ್ಗೆಯ ಲೆಕ್ಕ ಅವರಿಗೆ ನಡೆಯುವುದಿಲ್ಲ.

ಇದನ್ನು ನಮಗೆ ಮೊದಲು ಕಲಿಸಿದವರು ಕುಷ್ಠರೋಗಿಗಳು. 1946ರಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು, ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುವುದಿಲ್ಲ, ಸ್ಪರ್ಶ ಸತ್ತ ಕೈಕಾಲಿಗೆ ಗೊತ್ತಾಗದೆ ಆಗುವ ಗಾಯಗಳೇ ಅದನ್ನು ತಿನ್ನುತ್ತವೆ ಎಂದು ತೋರಿಸಿಕೊಟ್ಟರು. ಆ ರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುತ್ತೇವೆ.

ಎರಡು ಬೆರಳು ಹೋದಮೇಲೆ ಅವು ಹೊರುತ್ತಿದ್ದ ಭಾರ ಪಕ್ಕದ ಬೆರಳುಗಳ ಬುಡಕ್ಕೆ ಬಿದ್ದಿದೆ. ಅಲ್ಲಿ ಚರ್ಮ ದಪ್ಪಗಟ್ಟುತ್ತದೆ, ಅದರಡಿಯಲ್ಲಿ ರಕ್ತ ಕಟ್ಟುತ್ತದೆ, ಆಮೇಲೆ ಹುಣ್ಣು. ನೋವು ಹೇಳಬೇಕಾದ ಸುದ್ದಿಯನ್ನು ಈಗ ಕಣ್ಣು ಮತ್ತು ಕೈ ಹೇಳಬೇಕು. ದಿನಾ ರಾತ್ರಿ ಊಟಕ್ಕೆ ಮುಂಚೆ ನೀವೇ ಅವರ ಎರಡೂ ಅಂಗಾಲು ನೋಡಿ, ಬೆರಳ ಸಂದಿ ನೋಡಿ. ಆಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಎರಡೂ ಪಾದಗಳ ಅದೇ ಜಾಗಕ್ಕೆ ಇಟ್ಟು ಬಿಸಿ ಹೋಲಿಸಿ. ಒಂದು ಕಡೆ ಬೆಚ್ಚಗಿದ್ದರೆ ಮರುದಿನ ನಡಿಗೆ ಬಂದ್. ಎರಡನೆಯ ದಿನವೂ ಬೆಚ್ಚಗಿದ್ದು ಬಾವು ಇದ್ದರೆ, ಗಾಯ ಕಾಣದಿದ್ದರೂ, ಆಸ್ಪತ್ರೆಗೆ ಹೊರಡಿ. ಶಾರ್ಕೋ ಪಾದ ಎಂಬುದೊಂದಿದೆ: ಒಳಗೆ ಎಲುಬು ಪುಡಿಯಾಗುತ್ತಿದ್ದರೂ ರೋಗಿ ನಗುತ್ತಾ ನಡೆದು ಬರುತ್ತಾನೆ. ‘ಉಳುಕಿದೆ’ ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಎಷ್ಟೋ ಜನ ಪಾದದ ಆಕಾರವನ್ನೇ ಕಳೆದುಕೊಂಡಿದ್ದಾರೆ.

ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದು, ಹೆಬ್ಬೆರಳ ಸಂದಿಗೆ ಬಾರು ಇಲ್ಲದ್ದು. ಮನೆಯೊಳಗೂ ಬೇಕು. ಹಾಕುವ ಮುಂಚೆ ಕೈಹಾಕಿ ತಡವಿ ನೋಡಿ. ಜಾಲಿ ಮುಳ್ಳು ಅಡಿಯಿಂದ ತೂರಿ ಬಂದಿರುತ್ತದೆ, ಅವರಿಗೆ ಗೊತ್ತಾಗುವುದಿಲ್ಲ. ಎರೆ ಹಸಿಯಿದ್ದಾಗ ಹೊಲಕ್ಕೆ ಹೋಗುವುದನ್ನೇ ಬಿಡಿಸಿ, ಬದುವಿನ ಮೇಲೆ ಕೂತು ಆಳಿಗೆ ಹೇಳಿ ಮಾಡಿಸಲಿ. ಬಿಸಿನೀರಿನ ಕಾವು, ಒಲೆಯ ಮುಂದೆ ಕಾಲು ಚಾಚುವುದು ಎರಡೂ ಬೇಡ. ಸ್ನಾನದ ನೀರನ್ನು ಮನೆಯ ಬೇರೆಯವರು ಮೊಣಕೈ ಅದ್ದಿ ನೋಡಿ ಕೊಡಲಿ. ನಡಿಗೆ ಮೊದಲು ಹತ್ತು ನಿಮಿಷ, ನಡೆದ ಮೇಲೆ ಪಾದ ನೋಡುವುದು, ಕೆಂಪು ಇಲ್ಲದಿದ್ದರೆ ಮುಂದಿನ ವಾರ ಐದು ನಿಮಿಷ ಹೆಚ್ಚು.

ಎಂ.ಸಿ.ಆರ್. ಚಪ್ಪಲಿ ಎಲ್ಲಿ ಸಿಗುತ್ತದೆಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಸಕ್ಕರೆ ಕಾಯಿಲೆಯ ಪಾದಗಳಿಗೆಂದೇ ವಿಭಾಗ ಇದೆ. ಮತ್ತೆ ಹುಣ್ಣಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಬೇರೆಡೆ ಹೋಗಬೇಕಾದರೆ ಅವರೇ ಬರೆದುಕೊಡುತ್ತಾರೆ.

ಇನ್ನು, ಪತ್ರ ಬರೆದು ಉತ್ತರಕ್ಕೆ ಕಾಯಬಾರದ ಸಂಗತಿಗಳೂ ಇವೆ. ಒಬ್ಬರು ಮೀನಖಂಡ ಊದಿ ಗಟ್ಟಿಯಾಗಿದೆ ಎಂದು ಅಂಚೆಯಲ್ಲಿ ಬರೆದಿದ್ದಾರೆ. ಅವರು ಇಷ್ಟರಲ್ಲಿ ಆಸ್ಪತ್ರೆಗೆ ಹೋಗಿರಲಿ ಎಂದು ಆಶಿಸುತ್ತೇನೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಅದರ ಜೊತೆ ದಮ್ಮು ಅಥವಾ ಎದೆನೋವು. ಪ್ಲಾಸ್ಟರ್ ಒಳಗೆ ಬೆರಳು ನೀಲಿಯಾಗಿ ಮರಗಟ್ಟುವುದು, ಬೆರಳನ್ನು ಯಾರಾದರೂ ಮೆಲ್ಲಗೆ ಎತ್ತಿದರೂ ತಡೆಯಲಾರದ ನೋವು. ಹೊಲಿಗೆಯಿಂದ ಕೀವು, ಚಳಿಜ್ವರ. ಇವು ಕಂಡ ದಿನವೇ, ರಾತ್ರಿಯಾದರೆ ರಾತ್ರಿಯೇ 108ಕ್ಕೆ ಫೋನ್ ಮಾಡಿ.

ನಮ್ಮ ಅತ್ತೆಯವರಿಗೆ 68. ಹರಡಿನ ಆಪರೇಷನ್ ಆಗಿ ಎರಡು ತಿಂಗಳು. ನಡೆಯಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಕಾಲು ಕೆಳಗಿಡಲು ಅಂಜಿ ಅಳುತ್ತಾರೆ. ಎಲ್ಲವೂ ಹಾಸಿಗೆಯಲ್ಲೇ. ಒತ್ತಾಯ ಮಾಡಿದರೆ ಸೊಸೆ ಕಾಟ ಕೊಡುತ್ತಾಳೆ ಎನ್ನುತ್ತಾರೆ. – ಕೊಪ್ಪಳ ತಾಲ್ಲೂಕು

ನೀವು ಕಷ್ಟದಲ್ಲಿದ್ದೀರಿ ತಂಗಿ. ಒತ್ತಾಯದ ಕೆಲಸವನ್ನು ಬೇರೆಯವರಿಗೆ ವಹಿಸಿ. ಅವರ ಮಗ ಅಥವಾ ಮಗಳು ಹೇಳಲಿ, ನೀವು ವಾಕರ್ ಹಿಡಿದುಕೊಳ್ಳಿ.

ಅವರ ಅಂಜಿಕೆ ನೋವಿನದೋ, ಬೀಳುವುದರದೋ ಕೇಳಿ. ಬಹುಮಟ್ಟಿಗೆ ಎರಡನೆಯದು. ನಡೆಯಿರಿ ಎನ್ನಬೇಡಿ. ಮೊದಲ ಮೂರು ದಿನ ಮಂಚದ ಅಂಚಿಗೆ ಕೂತು ಎರಡೂ ಪಾದ ನೆಲಕ್ಕೆ ತಾಗಿಸುವುದು, ಅಷ್ಟೇ. ಆಮೇಲೆ ವಾಕರ್ ಹಿಡಿದು ಎದ್ದು ನಿಂತು ಇಪ್ಪತ್ತು ಎಣಿಸಿ ಕೂಡುವುದು. ಆಮೇಲೆ ಮಂಚದಿಂದ ಕುರ್ಚಿಗೆ. ಕುರ್ಚಿಯನ್ನು ದಿನಕ್ಕೊಂದು ಹೆಜ್ಜೆ ದೂರ ಸರಿಸುತ್ತಾ ಹೋಗಿ. ಬೆಡ್‌ಪ್ಯಾನ್ ತೆಗೆದುಬಿಡಿ, ಬದಲು ತೂತಿನ ಕಮೋಡ್ ಕುರ್ಚಿಯನ್ನು ಮಂಚದಿಂದ ನಾಲ್ಕು ಹೆಜ್ಜೆ ದೂರ ಇಡಿ. ಬಚ್ಚಲಿಗೆ ತಾವೇ ಹೋಗಬೇಕೆಂಬ ಛಲದಿಂದ ನಡೆಯಲು ಕಲಿತ ಹಿರಿಯರು, ವ್ಯಾಯಾಮ ಎಂದು ಕಲಿತವರಿಗಿಂತ ಹೆಚ್ಚು. ಕುಕ್ಕರಗಾಲಲ್ಲಿ ಕೂಡುವ ಪಾಯಖಾನೆ ಸದ್ಯಕ್ಕೆ ಬೇಡ, ಹರಡು ಅಷ್ಟು ಬಾಗುವುದಿಲ್ಲ.

ನಿಮ್ಮ ಭಾಗದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸಂಗತಿ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಿದ ನೀರನ್ನು ದಶಕಗಟ್ಟಲೆ ಕುಡಿದವರಿಗೆ ಬೆನ್ನು, ಮೊಣಕಾಲು ಮೊದಲೇ ಗಡುಸಾಗಿರುತ್ತವೆ. ಅತ್ತೆಯವರಿಗೂ ಹಾಗಿದ್ದರೆ ಹರಡು ಗುಣವಾದರೂ ಅವರು ಎದ್ದು ನಿಲ್ಲಲು ಒದ್ದಾಡುತ್ತಾರೆ. ಅದನ್ನು ಫಿಜಿಯೋಥೆರಪಿಸ್ಟ್‌ಗೆ ತಪ್ಪದೆ ಹೇಳಿ. ಎತ್ತರದ ಕುರ್ಚಿ, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಏರಿಸುವುದು ಇಂಥ ಸಣ್ಣ ಬದಲಾವಣೆಯಿಂದಲೇ ಅರ್ಧ ಕೆಲಸ ಆಗುತ್ತದೆ.

ಶೇಂಗಾ, ಬದನೆಕಾಯಿ, ತತ್ತಿ ನಂಜು, ಗಾಯ ಕೀವಾಗುತ್ತದೆ ಎಂದು ಬರೀ ಗಂಜಿ, ಬ್ರೆಡ್ ಕೊಡುತ್ತಿದ್ದಾರೆ. ಸರಿಯೇ? – ಕುಷ್ಟಗಿ

ಸರಿಯಲ್ಲ. ಗಾಯ ಮಾಯಲು, ಸೊರಗಿದ ಸ್ನಾಯು ತುಂಬಲು ಬೇಕಾದ ಪ್ರೋಟೀನ್ ಇರುವುದೇ ಶೇಂಗಾ, ತತ್ತಿ, ಕಾಳು, ಮೊಸರಿನಲ್ಲಿ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಹೆಸರುಕಾಳು ಎಲ್ಲ ಉಣ್ಣಿ. ತಿಂದು ಅಲರ್ಜಿಯಾದ ಅನುಭವ ಇದ್ದರೆ ಅದೊಂದನ್ನು ಮಾತ್ರ ಬಿಡಿ. ಬದನೆಕಾಯಿಯ ಪರವಾಗಿಯೂ ವಿರೋಧವಾಗಿಯೂ ನಾನು ಏನೂ ಹೇಳುವುದಿಲ್ಲ.

ಆಪರೇಷನ್‌ಗೆ ಮುಂಚೆ, ಕಾಲು ನೆಟ್ಟಗಾದರೆ ಹುಣ್ಣಿಮೆಗೆ ಹುಲಿಗಿ ದೇವಿಯ ಗುಡಿಗೆ ನಡೆದು ಬರುತ್ತೇನೆ, ಅಂಜನಾದ್ರಿ ಬೆಟ್ಟ ಹತ್ತುತ್ತೇನೆ ಎಂದು ಹರಕೆ ಹೊತ್ತಿದ್ದೆ. ಹರಡಿಗೆ ಪ್ಲೇಟು ಹಾಕಿ ಐದು ತಿಂಗಳು. ಮನೆಯಲ್ಲಿ ಕೋಲಿಲ್ಲದೆ ನಡೆಯುತ್ತೇನೆ, ಸಂಜೆಗೆ ಸ್ವಲ್ಪ ಬಾವು. ಹೋಗಬಹುದೇ? – ಗಂಗಾವತಿ

ಸಂಜೆಯ ಬಾವು ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಇರುತ್ತದೆ, ಅದೊಂದೇ ತಡೆಯಲ್ಲ. ಆದರೆ ಮನೆಯೊಳಗಿನ ನಡಿಗೆಗೂ ಡಾಂಬರು ರಸ್ತೆಯ ಮೇಲೆ ಊರಿಂದೂರಿಗೆ ನಡೆಯುವುದಕ್ಕೂ ಬಹಳ ಅಂತರ. ದೂರವನ್ನು ವಾರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಏರಿಸುತ್ತಾ ಬನ್ನಿ. ಒಂದೇ ಸಲ ಐದು ಕಿಲೋಮೀಟರ್ ನಡೆದು ಮರುದಿನ ಬೆಳಿಗ್ಗೆ ಕಾಲು ಎಂದಿನಂತೆಯೇ ಇದ್ದರೆ ಮುಂದಿನ ಯೋಚನೆ. ಬರಿಗಾಲಿನ ಹರಕೆಯಾಗಿದ್ದರೆ ದೇವಿಗೆ ವಿನಾಯಿತಿ ಕೇಳಿಕೊಳ್ಳಿ; ಗಟ್ಟಿ ಅಡಿಯ ಬೂಟು, ಕೈಯಲ್ಲಿ ಕೋಲು ಇರಲಿ. ಕೋಲು ಆಪರೇಷನ್ ಆದ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು.

ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಜನ ಹತ್ತುವುದಕ್ಕೆ ಹೆದರುತ್ತಾರೆ, ಆದರೆ ಹರಡಿಗೆ ಕಷ್ಟವಾಗುವುದು ಇಳಿಯುವಾಗ. ಪ್ರತಿ ಮೆಟ್ಟಿಲಿಗೂ ಹರಡು ಮುಂದಕ್ಕೆ ಬಾಗಿ ಇಡೀ ಮೈಯನ್ನು ತಡೆದು ನಿಲ್ಲಿಸಬೇಕು. ಮನೆಯ ಒಂದು ಮೆಟ್ಟಿಲಿನ ಮೇಲೆ ನಿಂತು ಆಪರೇಷನ್ ಆದ ಕಾಲಿನಲ್ಲೇ ಭಾರ ಹಿಡಿದು ಇನ್ನೊಂದು ಕಾಲನ್ನು ಹತ್ತು ಸಲ ನಿಧಾನ ಕೆಳಗಿಳಿಸಿ ಎತ್ತಿ ನೋಡಿ. ಅದು ನಡುಗದೆ ಆಗುವವರೆಗೆ ಬೆಟ್ಟ ಕಾಯಲಿ. ಹೋಗುವ ದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ, ಶನಿವಾರ ಬಿಟ್ಟು ಬೇರೆ ವಾರ ಹೋಗಿ. ಗದ್ದಲದಲ್ಲಿ ಹಿಂದಿನವರ ನೂಕಿಗೆ ಹೆಜ್ಜೆ ತಪ್ಪುತ್ತದೆ. ಜೇಬಿನಲ್ಲಿ ಪ್ಯಾರಾಸಿಟಮಾಲ್ ಇರಲಿ, ಆದರೆ ಹತ್ತುವ ಮೊದಲು ನುಂಗಬೇಡಿ. ಮನೆಯ ಅಭ್ಯಾಸಕ್ಕೆ ಮುಂಚೆ ಮಾತ್ರೆ ಸರಿ. ಅರ್ಧ ದಾರಿಯಲ್ಲಿ ತಿರುಗಿ ಬರಬೇಕೇ ಎಂದು ತೀರ್ಮಾನಿಸಬೇಕಾದ ದಿನ ನೋವು ಗೊತ್ತಾಗುವುದೇ ಒಳ್ಳೆಯದು. ಇಳಿದು ಬಂದ ಮೇಲೆ ನುಂಗಿ, ಬಸ್ಸಿನಲ್ಲಿ ಕಾಲು ಚಾಚಲು ಜಾಗ ಹಿಡಿಯಿರಿ.